ಒಕ್ಕಲು ತಪ್ಪದ ದೇವರು

ಸಕಲೇಶಪುರ ದಾಟಿ ಶಿರಾಡಿ ಘಾಟಿಯತ್ತ ಸಾಗುವ ಹೆದ್ದಾರಿಯಲ್ಲಿ ಮಾರನಹಳ್ಳಿ ಸಿಗುತ್ತದೆ. ಇಲ್ಲಿಂದ ಆಲೂರಿನವರೆಗೆ ಹಬ್ಬಿದ ಈ ಮಲೆನಾಡಿನಲ್ಲಿ ಭತ್ತದ ಒಕ್ಕಣೆ, ಕಾಫಿ ಕೊಯ್ಲು ಎರಡೂ ಮುಗಿದ ಮೇಲೆ ಊರೂರಿನ ಸುಗ್ಗಿ ಹಬ್ಬಗಳು ಬರುತ್ತವೆ. ಬೆಂಗಳೂರು ಸೇರಿದವರು ರಜೆ ಹಾಕಿ ಊರಿಗೆ ಮರಳುತ್ತಾರೆ. ವರ್ಷವಿಡೀ ದೇವರಿಗೆ ದೀಪ ಹಚ್ಚದವನೂ ಅಂದು ಬರಿಗಾಲಲ್ಲಿ ಗ್ರಾಮದೇವತೆಯ ಮುಂದೆ ನಿಲ್ಲುತ್ತಾನೆ. ಇವನನ್ನು ಆಸ್ತಿಕನೆನ್ನಬೇಕೆ, ನಾಸ್ತಿಕನೆನ್ನಬೇಕೆ?

ಇದೇ ಪ್ರಶ್ನೆ ಜಪಾನನ್ನೂ ಕಾಡಿದೆ. ‘ನಿಮ್ಮ ಧರ್ಮ ಯಾವುದು’ ಎಂದರೆ ಅಲ್ಲಿ ಬಹುಪಾಲು ಜನ ‘ಯಾವುದೂ ಇಲ್ಲ’ ಎನ್ನುತ್ತಾರೆ. ಆದರೆ ಹೊಸ ವರ್ಷಕ್ಕೆ ಶಿಂಟೊ ಗುಡಿಗಳ ಮುಂದೆ ಸರದಿ ಸಾಲು. ಬೇಸಿಗೆಯ ‘ಓಬೋನ್’ ಹಬ್ಬಕ್ಕೆ ಹಿರಿಯರ ಸಮಾಧಿ ತೊಳೆಯಲು ನಗರಗಳಿಂದ ಊರಿಗೆ ಪಯಣ. ಗುಡಿಗಳೂ ಬೌದ್ಧ ಮಂದಿರಗಳೂ ಕೊಡುವ ಅನುಯಾಯಿಗಳ ಲೆಕ್ಕ ಕೂಡಿದರೆ ಅದು ದೇಶದ ಜನಸಂಖ್ಯೆಯನ್ನೇ ಮೀರುತ್ತದೆ! ಒಬ್ಬನೇ ಎರಡೂ ಕಡೆ ಸೇರಿರುತ್ತಾನೆ. ‘ಧರ್ಮ’ ಎಂಬರ್ಥದಲ್ಲಿ ಇಂದು ಬಳಕೆಯಲ್ಲಿರುವ ‘ಶೂಕ್ಯೊ’ ಪದ ಅಲ್ಲಿ ನೆಲೆಗೊಂಡದ್ದೇ 19ನೇ ಶತಮಾನದಲ್ಲಿ, ಪಶ್ಚಿಮದೊಡನೆ ವ್ಯವಹಾರ ಬೆಳೆದಾಗ.

ನಂಬಿಕೆಯನ್ನು ಅಳೆಯುವ ಕೋಲಿನಿಂದ ಇಂಥ ನಂಟನ್ನು ಅಳೆಯಲಾಗದು. ಕನ್ನಡದಲ್ಲಿ ಇದಕ್ಕೊಂದು ಒಳ್ಳೆಯ ಮಾತಿದೆ: ಒಕ್ಕಲು. ಇಂಥ ಮನೆತನ ಇಂಥ ದೇವರ ಒಕ್ಕಲು ಎನ್ನುತ್ತೇವೆ. ಭಕ್ತಿ ಎಷ್ಟೆಂದು ಯಾರೂ ಕೇಳುವುದಿಲ್ಲ. ಜಪಾನಿನಲ್ಲಿಯೂ ಊರಗುಡಿಗೆ ಸೇರಿದ ಮನೆಗಳಿಗೆ ‘ಉಜಿಕೊ’ ಎಂಬ ಹೆಸರಿದೆ. ಎರಡೂ ಕಡೆ ದೇವರೊಡನೆ ಇರುವುದು ನೆಲದ, ಮನೆತನದ ಸಂಬಂಧ. ಹಬ್ಬದಲ್ಲಿ ಪಾಲು ಸಲ್ಲಿಸಿದರೆ ಸಂಬಂಧ ಉಳಿಯಿತು.

ಸುಗ್ಗಿಯ ಕಟ್ಟುಪಾಡುಗಳು ಇದನ್ನೇ ಹೇಳುತ್ತವೆ. ಹಬ್ಬದ ಸಾರು ಹಾಕಿದ ಮೇಲೆ ಹಸಿ ಮರ ಕಡಿಯಬಾರದು, ಒಗ್ಗರಣೆ ಹಾಕಬಾರದು ಎಂಬ ನಿಯಮಗಳು ಹಲವು ಊರುಗಳಲ್ಲಿವೆ. ಅವು ನಂಬುವವನಿಗೂ ನಂಬದವನಿಗೂ ಒಂದೇ. ಯಾವ ಮನೆಯವರು ಯಾವ ಕೆಲಸ ಮಾಡಬೇಕೆಂಬುದೂ ಗೊತ್ತಾಗಿರುತ್ತದೆ. ಈ ಹಂಚಿಕೆ ಊರನ್ನು ಹೆಣೆದದ್ದು ನಿಜ. ಜಾತಿಯ ಮೆಟ್ಟಿಲುಗಳನ್ನು ಗಟ್ಟಿ ಮಾಡಿದ್ದೂ ಅಷ್ಟೇ ನಿಜ. ಹೊಲೆಗೇರಿಯವರ ಪಾಲಿಗೆ ದುಡಿತ ಬಂದರೂ ಗುಡಿಯ ಹೊಸ್ತಿಲು ದಾಟುವ ಹಕ್ಕು ಬಹುಕಾಲ ಬರಲಿಲ್ಲ.

ಒಕ್ಕಲಿನ ಧರ್ಮಕ್ಕೆ ನಾಸ್ತಿಕತೆಯಿಂದ ಅಪಾಯವಿಲ್ಲ. ಊರು ಬರಿದಾಗುವುದರಿಂದ ಇದೆ. ಜಪಾನಿನ ಇವಾಟೆ ಪ್ರಾಂತ್ಯದ ಕೊಕುಸೆಕಿ ಮಂದಿರದಲ್ಲಿ ಸಾವಿರ ವರ್ಷಕ್ಕೂ ಮಿಗಿಲಾದ ಇತಿಹಾಸವಿದ್ದ ‘ಸೊಮಿನ್‌ಸಾಯ್’ ಉತ್ಸವ 2024ರ ಫೆಬ್ರುವರಿಯಲ್ಲಿ ಕೊನೆಯ ಬಾರಿಗೆ ನಡೆಯಿತು. ಜನರ ನಂಬಿಕೆ ಅಳಿದಿರಲಿಲ್ಲ. ಉತ್ಸವದ ಹೊಣೆ ಹೊತ್ತ ಮನೆಗಳವರಿಗೆ ವಯಸ್ಸಾಗಿತ್ತು, ಅವರ ಜಾಗಕ್ಕೆ ಬರುವವರಿರಲಿಲ್ಲ.

ಮಲೆನಾಡಿನ ಊರುಗಳಲ್ಲೂ ಬೀಗ ಬಿದ್ದ ಮನೆಗಳು ಕಾಣುತ್ತವೆ. ಸುಗ್ಗಿಗೆಂದು ಆ ಬೀಗಗಳು ತೆರೆಯುವವರೆಗೆ ದೇವರಿಗೆ ಒಕ್ಕಲಿದೆ. ಮರಳಿ ಬಂದವರು ಹಳೆಯ ಪಾಲುಗಳ ಜೊತೆಗೆ ಹಳೆಯ ಹೊಸ್ತಿಲನ್ನೂ ಹಾಗೆಯೇ ಉಳಿಸಿಕೊಳ್ಳುವರೇ, ಎಲ್ಲರಿಗೂ ತೆರೆಯುವರೇ ಎಂಬುದು ಅವರಿಗೇ ಬಿಟ್ಟದ್ದು.