ಪಿಕಪ್ ಇಲ್ಲದ ಜಾವಾಕ್ಕೆ ಮದ್ದು ಎಲ್ಲಿದೆ?

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಮಾತ್ರ ಇವತ್ತಿಗೂ ರಸ್ತೆಯಲ್ಲಿವೆ. ಜುಲೈ ತಿಂಗಳ ಎರಡನೇ ಭಾನುವಾರ ಅಭಿಮಾನಿಗಳು ಅವುಗಳ ಹಬ್ಬವನ್ನೇ ಮಾಡುತ್ತಾರೆ. ಬಿಡಿಭಾಗಗಳಿಗೆ ಪರದಾಡುವ ಈ ಕಾಲದಲ್ಲೂ ಅವು ಓಡುತ್ತಿದ್ದರೆ ಅದರ ಶ್ರೇಯಸ್ಸು ಸಣ್ಣಪುಟ್ಟ ಗ್ಯಾರೇಜುಗಳ ಮೆಕ್ಯಾನಿಕ್‌ಗಳದು. ಅವರ ವಿದ್ಯೆ ಎಂಥದ್ದೆಂದು ತಿಳಿಯಬೇಕಾದರೆ ‘ಪಿಕಪ್ ಇಲ್ಲ’ ಎಂಬ ದೂರನ್ನು ಅವರು ಬಿಡಿಸುವ ಕ್ರಮ ನೋಡಬೇಕು.

ಪಳಗಿದ ಕೈ ಮೊದಲಿಗೇ ಕಾರ್ಬುರೇಟರ್ ಬಿಚ್ಚುವುದಿಲ್ಲ. ಎಕ್ಸಲರೇಟರ್ ಹಿಡಿಯ ಮೇಲೊಂದು, ಪಕ್ಕದಲ್ಲೊಂದು ಸೀಮೆಸುಣ್ಣದ ಗೀಟು ಎಳೆದು ಗಾಡಿ ಓಡಿಸಿ ನೋಡುತ್ತದೆ. ಎಷ್ಟು ತಿರುಗಿಸಿದಾಗ ಎಂಜಿನ್ ತಡವರಿಸಿತು ಎನ್ನುವುದರಲ್ಲೇ ಅರ್ಧ ಉತ್ತರವಿದೆ. ಹಿಡಿ ತಿರುಗಲು ಶುರುವಾದಾಗಲೇ ಮುಗ್ಗರಿಸಿದರೆ ಕಾರ್ಬುರೇಟರಿನೊಳಗೆ ಪೆಟ್ರೋಲ್ ಬಿಡುವ ಸ್ಲೋ ಜೆಟ್ ಕಡೆ ಅನುಮಾನ. ನಡುವಿನಲ್ಲಾದರೆ ಸ್ಲೈಡಿಗೆ ತೂಗಿದ ಸೂಜಿ. ಸೂಜಿಯ ಕ್ಲಿಪ್ಪನ್ನು ಒಂದು ಕಚ್ಚು ಕೆಳಗೆ ಹಾಕಿದರೆ ಸೂಜಿ ಮೇಲೇರಿ ಪೆಟ್ರೋಲ್ ಹೆಚ್ಚು ಬರುತ್ತದೆ. ಪೂರ್ತಿ ಕೊಟ್ಟಾಗ ಮಾತ್ರ ಸೊರಗಿದರೆ ಮೇನ್ ಜೆಟ್.

ಆಮೇಲೆ ಪ್ಲಗ್. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಅತಿಯಾಗಿದೆ, ಬೆಳ್ಳಗೆ ಸುಟ್ಟಂತಿದ್ದರೆ ಸಾಲುತ್ತಿಲ್ಲ. ಚೋಕ್ ಇರುವ ಗಾಡಿಯಾದರೆ ಅದನ್ನು ತುಸು ಎಳೆದಾಗ ಚೆನ್ನಾಗಿ ಓಡುತ್ತದೆಯೇ ಎಂದೂ ನೋಡುತ್ತಾರೆ. ಓಡಿದರೆ ಅದೂ ಪೆಟ್ರೋಲ್ ಸಾಲದ ಲಕ್ಷಣವೇ. ಜೆಟ್ಟನ್ನು ಬೆಳಕಿಗೆ ಹಿಡಿದು ತೂತು ದುಂಡಗೆ ಕಾಣುವವರೆಗೆ ಗಾಳಿ ಊದಿ ಶುಚಿ ಮಾಡಬೇಕು. ಉಕ್ಕಿನ ತಂತಿ ಹಾಕಿ ಕೆದಕುವುದು ದೊಡ್ಡ ಅಪಚಾರ: ಮೆತ್ತನೆಯ ಹಿತ್ತಾಳೆಯ ತೂತು ಒಮ್ಮೆ ಹಿಗ್ಗಿದರೆ ಆ ಜೆಟ್ ಕೆಟ್ಟಿತೆಂದೇ ಲೆಕ್ಕ.

ಇಷ್ಟಾದರೂ ಬಗೆಹರಿಯದಿದ್ದರೆ? ಕಾರ್ಬುರೇಟರಿನ ಮೇಲೆ ಹೊರಿಸುವ ತಪ್ಪು ಎಷ್ಟೋ ಸಲ ಅದರದಲ್ಲ, ನನಗೆ ಈ ಕಸುಬಿನ ಬಗ್ಗೆ ಗೌರವ ಹುಟ್ಟಿದ್ದು ಇಲ್ಲಿಯೇ. ಟು ಸ್ಟ್ರೋಕ್ ಎಂಜಿನ್ನಿನ ಸೈಲೆನ್ಸರ್ ಒಳಗೆ ಮಸಿ ಕಟ್ಟಿದರೆ ಹೊಗೆ ಹೊರಹೋಗಲಾರದೆ ಗಾಡಿ ಏರಿನಲ್ಲಿ ಏದುಸಿರು ಬಿಡುತ್ತದೆ. ಕ್ರ್ಯಾಂಕಿನ ಒಂದು ಬದಿಯ ಸೀಲ್ ಸವೆದಿದ್ದರೆ ಅಲ್ಲಿಂದ ಗಾಳಿ ಎಳೆದುಕೊಂಡು ಎಂಜಿನ್ ತಾನಾಗಿ ರೇಸ್ ಆಗುತ್ತದೆ. ಗೇರ್ ಆಯಿಲ್ ಕಡಿಮೆಯಾಗುತ್ತಾ ಹೊಗೆ ದಟ್ಟವಾದರೆ ಇನ್ನೊಂದು ಬದಿಯ ಸೀಲ್ ನೋಡಬೇಕು. ಪಾಯಿಂಟ್ ಸವೆದಿದ್ದರೂ ಮಿಸ್ಸಿಂಗ್ ಹೊಡೆಯುತ್ತದೆ. ಟ್ಯಾಂಕ್ ಮುಚ್ಚಳದ ಗಾಳಿತೂತು ಕಟ್ಟಿದ್ದರೆ ಕೆಲವು ಕಿಲೋಮೀಟರ್ ಚೆನ್ನಾಗಿ ಓಡಿ ಗಾಡಿ ನಿಂತುಬಿಡುತ್ತದೆ. ಮುಚ್ಚಳ ಸಡಿಲಿಸಿದರೆ ಮತ್ತೆ ಹೊರಡುತ್ತದೆ. ಇದನ್ನು ಅರಿಯದೆ ಜೆಟ್ ಬದಲಿಸಿ ದುಡ್ಡು ಕಳೆದವರಿದ್ದಾರೆ.

ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಹೊಸ ಪಾಠ ಕಲಿಸುತ್ತಿದೆ. ಅದು ತೇವ ಹೀರುತ್ತದೆ, ಹಳೆಯ ರಬ್ಬರ್ ಭಾಗಗಳನ್ನು ಹಾಳುಮಾಡುತ್ತದೆ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವವರು ಪೆಟ್ರೋಲ್ ಕಾಕ್ ಬಂದ್ ಮಾಡಿ, ಕಾರ್ಬುರೇಟರ್ ಬಟ್ಟಲನ್ನು ಖಾಲಿ ಮಾಡಿಯೇ ಹೊದಿಕೆ ಹೊದಿಸುವುದು ಒಳ್ಳೆಯದು.