ಒಂದೇ ಪಂಕ್ತಿಯಲ್ಲಿ ಸುಂಕದವನೂ ದೇಶಾಭಿಮಾನಿಯೂ



ಅಕ್ಟೋಬರ್ 28 ಪ್ರೇಷಿತರಾದ ಸಂತ ಸಿಮೋನ ಮತ್ತು ಸಂತ ಯೂದರ ಹಬ್ಬ. ಸಿಮೋನನ ಬಗ್ಗೆ ಶುಭಸಂದೇಶದಲ್ಲಿ ನಮಗೆ ಸಿಗುವುದು ಅವನ ಹೆಸರು ಮತ್ತು ಒಂದು ಬಿರುದು: ದೇಶಾಭಿಮಾನಿ. ಆ ಬಿರುದಿನ ಅರ್ಥವನ್ನು ಪಂಡಿತರು ಇಂದಿಗೂ ಚರ್ಚಿಸುತ್ತಾರೆ. ಅದೇ ಹನ್ನೆರಡು ಮಂದಿಯಲ್ಲಿ ಸುಂಕದವನಾದ ಮತ್ತಾಯನೂ ಇದ್ದ. ಸುಂಕ ವಸೂಲಿ ಮಾಡುವವನನ್ನು ಆಳುವವರ ಕೈಯಾಳೆಂದು ಜನ ದೂರವಿಡುತ್ತಿದ್ದ ಕಾಲವದು. ಇವರಿಬ್ಬರೂ ಒಂದೇ ಪಂಕ್ತಿಯಲ್ಲಿ ಉಂಡರು. ಮೊದಲ ದಿನ ಏನು ಮಾತನಾಡಿಕೊಂಡರೋ, ಶುಭಸಂದೇಶ ತಿಳಿಸುವುದಿಲ್ಲ!

ಮನುಷ್ಯ ಒಂದು ಪಕ್ಷವನ್ನು ಏಕೆ ಹಿಡಿಯುತ್ತಾನೆ? ಪ್ರಣಾಳಿಕೆ ಓದಿ ಪಕ್ಷ ಸೇರಿದವರನ್ನು ನಾವು ಕಂಡದ್ದು ಕಡಿಮೆ. ಹೆಚ್ಚಿನವರಿಗೆ ಕಾರಣ ಅವರ ಬದುಕಿನಲ್ಲೇ ಎಲ್ಲೋ ಇರುತ್ತದೆ.

ಮಂಗಳೂರಿನ ಕಥೋಲಿಕ ಕುಟುಂಬದಲ್ಲಿ 1930ರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಅವರನ್ನೇ ನೋಡಿ. ಹದಿನಾರನೆಯ ವಯಸ್ಸಿಗೆ ಗುರುವಾಗಲೆಂದು ಬೆಂಗಳೂರಿನ ಗುರುಮಠಕ್ಕೆ ಹೋದರು, 1949ರಲ್ಲಿ ಬಿಟ್ಟು ಬಂದರು. ಹಿರಿಯರಿಗೆ ಎತ್ತರದ ಮೇಜು, ಒಳ್ಳೆಯ ಊಟ, ವಿದ್ಯಾರ್ಥಿಗಳಿಗೆ ಬೇರೆ. ಅದನ್ನು ಅವರಿಗೆ ಸಹಿಸಲಾಗಲಿಲ್ಲ. ಆಮೇಲೆ ಮಂಗಳೂರಿನ ಹೋಟೆಲ್ ಕಾರ್ಮಿಕರು, ಮುಂಬಯಿಯ ಬೀದಿ, ಸಮಾಜವಾದ, 1974ರ ರೈಲ್ವೆ ಮುಷ್ಕರ. ಗುರುಮಠದಲ್ಲೇ ಬೆಳೆದ ನಮಗೆ ಈ ಮೇಜಿನ ಕಥೆ ಓದಿದಾಗ ತುತ್ತು ಗಂಟಲಲ್ಲಿ ಸಿಕ್ಕಿಕೊಂಡದ್ದು ನಿಜ.

ಅದೇ ಊರಿನಲ್ಲಿ 1942ರಲ್ಲಿ ಹುಟ್ಟಿದ ಮಾರ್ಗರೆಟ್ ಆಳ್ವ ಅವರ ದಾರಿ ಬೇರೆ. ಅವರು ಸೊಸೆಯಾಗಿ ಹೋದ ಮನೆಯಲ್ಲಿ ಮಾವ ಜೋಕಿಂ ಆಳ್ವ, ಅತ್ತೆ ವಯೊಲೆಟ್ ಆಳ್ವ ಇಬ್ಬರೂ ಸ್ವಾತಂತ್ರ್ಯ ಹೋರಾಟಗಾರರು, ಇಬ್ಬರೂ ಕಾಂಗ್ರೆಸ್ಸಿನ ಸಂಸದರು. 1999ರಲ್ಲಿ ಮಾರ್ಗರೆಟ್ ಅವರು ಕೆನರಾ ಕ್ಷೇತ್ರದಿಂದ ಗೆದ್ದು ಲೋಕಸಭೆಯ ವಿರೋಧ ಪಕ್ಷದ ಸಾಲಿನಲ್ಲಿ ಕುಳಿತಾಗ, ಎದುರಿನ ಸಾಲಿನಲ್ಲಿ ವಾಜಪೇಯಿ ಸರ್ಕಾರದ ಮಂತ್ರಿಯಾಗಿದ್ದವರು ಜಾರ್ಜ್. ಒಂದೇ ಊರು, ಒಂದೇ ಜ್ಞಾನಸ್ನಾನ. ಇವರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವುದು ಗುರುಗಳ ಕೆಲಸವಲ್ಲ, ನಮಗೆ ಅಭಿಪ್ರಾಯವಿಲ್ಲವೆಂದಲ್ಲ.

ಭಿನ್ನಾಭಿಪ್ರಾಯ ಹಳೆಯದೇ, ಮಾತಿನ ಧಾಟಿ ಮಾತ್ರ ಕೆಟ್ಟಿದೆ. 1977ರಲ್ಲಿ ವಿದೇಶಾಂಗ ಮಂತ್ರಿಯಾದ ವಾಜಪೇಯಿ ಅವರು ಕಚೇರಿಯ ಗೋಡೆಯಲ್ಲಿದ್ದ ನೆಹರೂ ಚಿತ್ರ ಕಾಣದಿದ್ದಾಗ ಅದೆಲ್ಲಿ ಎಂದು ಕೇಳಿದರು. ಚಿತ್ರ ಮತ್ತೆ ಗೋಡೆಗೆ ಬಂತು. ಸಂಸತ್ತಿನಲ್ಲಿ ಇದನ್ನು ಅವರೇ ಹೇಳಿದ್ದಾರೆ. ಜೀವನವಿಡೀ ನೆಹರೂ ಅವರನ್ನು ಟೀಕಿಸಿದ ಪಕ್ಷದವರು ಅವರು! ಇಂದು ಕೂತು ಮಾತನಾಡುವ ಹೊತ್ತೇ ಕಡಿಮೆಯಾಗಿದೆ. 1952ರ ಮೊದಲ ಲೋಕಸಭೆ ಐದು ವರ್ಷಗಳಲ್ಲಿ 677 ದಿನ ಸೇರಿತ್ತು. 2019ರಿಂದ 2024ರವರೆಗಿನ ಹದಿನೇಳನೆಯ ಲೋಕಸಭೆ ಸೇರಿದ್ದು 274 ದಿನ. ಮನೆಗಳಲ್ಲಾದರೋ ಮಾತಿನ ಬದಲು ಫಾರ್ವರ್ಡ್ ಬಂದಿದೆ. ಬೇರೆ ಯಾರೋ ಬರೆದ ಬೈಗುಳವನ್ನು ಬೆರಳ ತುದಿಯಿಂದ ತಮ್ಮನಿಗೆ ಕಳುಹಿಸಲು ಅಣ್ಣನಿಗೆ ಮುಖ ನೋಡುವ ಕಷ್ಟವೂ ಇಲ್ಲ.

ನಾವು ಬಲ್ಲ ಒಂದು ಧರ್ಮಕೇಂದ್ರದಲ್ಲಿ ಅಕ್ಕಪಕ್ಕದ ಮನೆಯ ಅಣ್ಣತಮ್ಮಂದಿರು 2024ರ ಚುನಾವಣೆಯ ಹೊತ್ತಿಗೆ ಹೀಗೆಯೇ ಮಾತು ಬಿಟ್ಟರು. ಬಲಿಪೂಜೆಯಲ್ಲಿ ಶಾಂತಿ ಕೋರುವಾಗ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ತಿರುಗುತ್ತಿದ್ದರು. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆವು: ಈ ಪಕ್ಷವೇ ಏಕೆ? ಅಣ್ಣ ಹೇಳಿದ್ದು 1974ರ ಭೂಸುಧಾರಣೆಯ ಮಾತು. ಗೇಣಿದಾರನಾಗಿದ್ದ ಅಪ್ಪ ಡಿಕ್ಲರೇಶನ್ ಬರೆಸಿ ಬಂದ ಸಂಜೆ ಅಂಗಳದಲ್ಲಿ ಕೂತು ಅತ್ತದ್ದನ್ನು ಅವರು ಹುಡುಗನಾಗಿದ್ದಾಗ ಕಂಡಿದ್ದರು. ಭೂಮಿ ಕೊಟ್ಟ ಪಕ್ಷವನ್ನು ಹೇಗೆ ಬಿಡಲಿ ಎಂದರು. ತಮ್ಮ ಆಗಿನ್ನೂ ಹುಟ್ಟಿರಲಿಲ್ಲ. ಅವರ ಹೆಂಡತಿಗೆ ಹೆರಿಗೆಯಲ್ಲಿ ರಕ್ತ ಬೇಕಾದ ರಾತ್ರಿ ಓಡಿ ಬಂದ ಹುಡುಗರು ಇನ್ನೊಂದು ಪಕ್ಷದ ಕಾರ್ಯಕರ್ತರಂತೆ. ಅಣ್ಣ ಆಗ ಗಲ್ಫಿನಲ್ಲಿದ್ದರು. ರಕ್ತದ ವಿಷಯ ಅವರಿಗೆ ತಿಳಿದೇ ಇರಲಿಲ್ಲ.

ಇಬ್ಬರ ಒಪ್ಪಿಗೆ ಪಡೆದು, ಒಬ್ಬರ ಕಥೆಯನ್ನು ಇನ್ನೊಬ್ಬರಿಗೆ ಮುಟ್ಟಿಸಿದೆವು. ಆ ವರ್ಷದ ಕ್ರಿಸ್ಮಸ್ಸಿಗೆ ಕುಸ್ವಾರಿನ ತಟ್ಟೆ ಬೇಲಿ ದಾಟಿತು, ಮಕ್ಕಳ ಕೈಯಲ್ಲಿ. ಮತ ಮಾತ್ರ ಇಬ್ಬರದ್ದೂ ಮೊದಲಿನಂತೆಯೇ ಇದೆ.