ಒಳ್ಳೆಯ ಎಲೆ ಬಿದ್ದಾಗ ಎಷ್ಟು ಪಣ?

ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯಿದೆ ನಿಷೇಧಿಸಿದೆ. ಗುರುಮಠಕಲ್ಲಿನ ನಮ್ಮ ಪಡಸಾಲೆಯ ಪೋಕರಿನಲ್ಲಿ ಪಣವೆಂದರೆ ತೊಗರಿಕಾಳು, ಎಷ್ಟಾದರೂ ಇಡಬಹುದು.

ಒಮ್ಮೆ ನನ್ನ ಕೈಯಲ್ಲಿ ಎರಡು ರಾಜ, ನೆಲದ ನಾಲ್ಕು ಎಲೆಗಳಲ್ಲಿ ಮೂರನೆಯದು. ಇನ್ನೊಂದೇ ಎಲೆ ಬಾಕಿ. ನಡುವೆ ಕೂಡಿದ್ದು 60 ಕಾಳು. ಅಣ್ಣ ಎಲೆ ಕೆಳಗಿಟ್ಟು ಏಳದಿರಲೆಂಬ ಆಸೆಯಿಂದ 10 ಕಾಳನ್ನಷ್ಟೇ ಇಟ್ಟೆನು. ಅವನದು ಎರಡು, ನೆಲದ್ದು ಎರಡು ಕಳಾವರ. ಐದನೆಯದು ಬಂದರೆ ಗೆಲುವು. ಅವನಿಗೆ ಕಾಣದ 46 ಎಲೆಗಳಲ್ಲಿ ಕಳಾವರ 9. ಹೆಚ್ಚೆಂದರೆ ಐದರಲ್ಲೊಂದು ಸಲ ಗೆದ್ದಾನು. ನಾಲ್ಕು ಸಲ ಸೋತರೆ 40 ಹೋಗುತ್ತದೆ, ಒಮ್ಮೆ ಗೆದ್ದರೆ 70 ಬರುತ್ತದೆ. ಲಾಭದ ವ್ಯಾಪಾರವನ್ನು ನಾನೇ ಒದಗಿಸಿದ್ದೆ! 30 ಇಟ್ಟಿದ್ದರೆ ಹೋಗುವುದು 120, ಬರುವುದು 90. ಆದರೂ ಅಣ್ಣ ಆಸೆಬಿಡುತ್ತಿರಲಿಲ್ಲ. 60 ಇಟ್ಟಿದ್ದರೆ ಎದ್ದೇಬಿಡುತ್ತಿದ್ದನೇನೋ.

ಕಳಾವರವೇ ಬಿತ್ತು. ಅಣ್ಣ ಕಾಳನ್ನೆಲ್ಲ ಬಾಚಿಕೊಂಡನು.